ಜೋಡಿ ನಳಿಗೆಯ ಅಕ್ಕೋರು

ಹೋದ ತಿಂಗಳು ಶಿರಸಿಯಲ್ಲಿ ಅಕ್ಕೋರಿಗೆ ಶ್ರದ್ಧಾಂಜಲಿ ಸಭೆ ಇಟ್ಟಿದ್ದರು. ಆಸ್ಪತ್ರೆಯ ಮೇಲಿನ ಹಾಲಿನಲ್ಲಿ ಕುರ್ಚಿ ಸಾಲದೆ ಜನ ಮೆಟ್ಟಿಲ ಮೇಲೂ ಕೂತಿದ್ದರು. ಮೇಜಿನ ಮೇಲೆ ಅವರ ಫೋಟೋ, ಫೋಟೋದ ಪಕ್ಕ ಗಾಜು ಕಟ್ಟಿಸಿದ ಒಂದು ಸಣ್ಣ ಚೀಟಿ. ರಕ್ತ ಪರೀಕ್ಷೆಯ ಹಳೇ ವರದಿ ಅದು. ಪ್ರೋಟೀನಿನ ಮುಂದೆ ೬.೯ ಎಂದು ಬರೆದದ್ದನ್ನು ಕೆಂಪು ಶಾಯಿಯಲ್ಲಿ ಹೊಡೆದು ೪.೧ ಎಂದು ತಿದ್ದಿದೆ. ಕೆಳಗೆ ಅಕ್ಕೋರ ಸಹಿ. ಆಡಳಿತ ಸಮಿತಿಯ ಕಾರ್ಯದರ್ಶಿಗಳು ಅದನ್ನು ಎತ್ತಿ ಹಿಡಿದು, "ಇಷ್ಟು ವರ್ಷದ ಸೇವೆಯಲ್ಲಿ ಈ ತಾಯಿ ಮಾಡಿದ್ದು ಒಂದೇ ಒಂದು ತಪ್ಪು. ಅದನ್ನೂ ಮುಚ್ಚಿಡದೆ ಗೋಡೆಗೆ ಅಂಟಿಸಿದರು" ಎಂದರು. ಚಪ್ಪಾಳೆ ಬಿತ್ತು. ಇಂಥ ಸಭೆಯಲ್ಲಿ ಚಪ್ಪಾಳೆ ಹೊಡೆಯಬಾರದು ಅನ್ನುವುದೇ ಜನಕ್ಕೆ ಮರೆತುಹೋಗಿತ್ತು.

ನಾನು ಮೊದಲ ಸಾಲಿನಲ್ಲೇ ಕೂತಿದ್ದೆ. ಆ ತಪ್ಪು ಅಕ್ಕೋರದ್ದಲ್ಲ, ನನ್ನದು. ಎದ್ದು ನಿಂತು ಅಷ್ಟು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ನನ್ನ ಸರದಿ ಬಂದಾಗ ಕರ್ತವ್ಯನಿಷ್ಠೆ, ಸರಳತೆ ಅಂತೇನೋ ನಾಲ್ಕು ಮಾತು ಒದರಿ ಬಂದು ಕೂತೆ. ಮನೆಗೆ ಬಂದ ಮೇಲೆ ನನ್ನ ಮೇಲೆ ನನಗೇ ಹೇಸಿಗೆ ಆಯಿತು. ಅದಕ್ಕೇ ಇದನ್ನು ಬರೆಯಲಿಕ್ಕೆ ಕೂತಿದ್ದೇನೆ. ಅವರ ಜೀವನಚರಿತ್ರೆ ಬರೆಯುವ ಯೋಗ್ಯತೆ ನನಗಿಲ್ಲ. ಅವರು ಹುಟ್ಟಿದ ದಿನ ಯಾವುದು ಅಂತ ಕೇಳಿದರೂ ನನಗೆ ಗೊತ್ತಿಲ್ಲ. ಗೊತ್ತಿರುವುದು ಅವರ ಕೈ, ಅವರ ಮಾತು, ಮತ್ತೆ ಈ ಚೀಟಿಯ ಸಂಗತಿ.

ನಾನು ಹಾವೇರಿ ಕಡೆಯವ. ತೊಂಬತ್ತರ ದಶಕದ ಶುರುವಿನಲ್ಲಿ ಹೊಸ ಡಾಕ್ಟರಾಗಿ ಶಿರಸಿಯ ಆ ಸಣ್ಣ ಧರ್ಮಾರ್ಥ ಆಸ್ಪತ್ರೆಗೆ ಬಂದೆ. ಸಿಟ್ಟು ಆಗಲೂ ಮೂಗಿನ ತುದಿಯಲ್ಲೇ ಇತ್ತು, ಈಗಲೂ ಅಲ್ಲೇ ಇದೆ. ಇಲ್ಲಿಯ ಜನ ಮೆತ್ತಗೆ ಮಾತಾಡುವುದನ್ನು ಕೇಳಿದರೆ ನನಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು. ಬಂದ ಮೂರನೇ ದಿನವೋ ನಾಲ್ಕನೇ ದಿನವೋ ಮೆಟ್ಟಿಲ ಕೆಳಗಿದ್ದ ಪ್ರಯೋಗಾಲಯಕ್ಕೆ ಹೋದೆ. ಮೊದಲು ಅದು ಹಾಸಿಗೆ ದಿಂಬು ಒಟ್ಟುವ ಕೋಣೆಯಾಗಿತ್ತಂತೆ. ಉತ್ತರಕ್ಕೆ ಒಂದೇ ಕಿಟಕಿ. ಆ ಕಿಟಕಿಯ ಎದುರು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಗಾಜಿನ ನಳಿಗೆಯೊಂದನ್ನು ಬೆಳಕಿಗೆ ಹಿಡಿದು, ತುಟಿ ಬಿಗಿದುಕೊಂಡು ನಿಂತ ಹೆಂಗಸೇ ಅಕ್ಕೋರು. ಈ ಕಡೆ ಶಾಲೆ ಕಲಿಸುವ ಹೆಂಗಸರನ್ನು ಅಕ್ಕೋರು ಅನ್ನುತ್ತಾರೆ. ಇವರು ಶಾಲೆ ಕಲಿಸಿದವರಲ್ಲ. ಆದರೆ ರಕ್ತ ಕೊಡಲು ಬಂದವರಿಗೆಲ್ಲ ಪಾಠ ಹೇಳದೆ ಕಳಿಸುತ್ತಿರಲಿಲ್ಲವಾದ್ದರಿಂದ ಆ ಹೆಸರು ಅಂಟಿತ್ತು. ಸಿದ್ದಾಪುರ ತಾಲೂಕಿನ ಬಿಳಗಿ ಹತ್ತಿರದ ರೈತರ ಮನೆಯವರು.

ಮೇಜಿನ ಮೇಲಿನ ಬಾಟಲಿಯಲ್ಲಿ ನೀಲಿ ಹರಳು ಕಂಡು ನಾನು ಕೇಳಿದೆ: "ಏನ್ರೀ ಇದು? ಮೈಲುತುತ್ತಾ?"

"ಹೌದು ಡಾಕ್ಟ್ರೇ."

"ಅಡಿಕಿ ಗಿಡಕ್ಕ ಹೊಡಿಯೋದು ಅಲ್ಲೇನ್ರಿ ಇದು? ಇದರಿಂದ ರಕ್ತಾ ನೋಡ್ತೀರೇನು?"

ಅವರು ನಳಿಗೆಯಿಂದ ಕಣ್ಣು ತೆಗೆಯಲಿಲ್ಲ. "ಅಡಿಕೆಗಾದರೆ ಸುಣ್ಣ ಸೇರಿಸ್ತಾರೆ. ನಾನು ಕಾಸ್ಟಿಕ್ ಸೋಡಾ ಸೇರಿಸ್ತೇನೆ, ಮತ್ತೊಂದಿಷ್ಟು ಹುಳಿಯ ಉಪ್ಪು. ಹರಳು ಮಾತ್ರ ಹುಬ್ಬಳ್ಳಿಯಿಂದ ತರಿಸಿದ ಶುದ್ಧದ್ದು. ಇಲ್ಲಿ ನೋಡಿ" ಎಂದು ನಳಿಗೆಗೆ ಎರಡು ಹನಿ ಸೀರಂ ಬಿಟ್ಟರು. ರಕ್ತ ಹೆಪ್ಪುಗಟ್ಟಿದ ಮೇಲೆ ಮೇಲೆ ನಿಲ್ಲುವ ತಿಳಿಯೇ ಸೀರಂ. ನೀಲಿ ದ್ರಾವಣ ನನ್ನ ಕಣ್ಣೆದುರೇ ನಿಧಾನಕ್ಕೆ ನೇರಳೆಗೆ ತಿರುಗಿತು. "ತಾಮ್ರ ಪ್ರೋಟೀನನ್ನ ಹಿಡಕೊಂಡ್ರೆ ಈ ಬಣ್ಣ. ಪ್ರೋಟೀನು ಹೆಚ್ಚಿದ್ದರೆ ಗಾಢ, ಕಮ್ಮಿ ಇದ್ದರೆ ತೆಳು. ನೀವು ಕಾಲೇಜಿನಲ್ಲಿ ಓದಿರ್ತೀರಿ, ಮರ್ತಿರ್ತೀರಿ."

ಓದಿದ್ದೆ, ಮರೆತಿದ್ದೆ. ಅದಕ್ಕೇ ಸಿಟ್ಟು ಬಂತು.

ಅವರು ಬರುವ ಮೊದಲು ಈ ಒಂದು ಪರೀಕ್ಷೆಗೆ ರಕ್ತ ಹುಬ್ಬಳ್ಳಿಗೆ ಹೋಗಬೇಕಿತ್ತು. ಉತ್ತರ ಬರುವುದರೊಳಗೆ ಯಲ್ಲಾಪುರದ ರೋಗಿ ಊರಿಗೆ ಹೋಗಿ, ನಾಟಿ ಔಷಧ ಮಾಡಿಸಿ, ನಮ್ಮನ್ನು ಬೈದೂ ಆಗಿರುತ್ತಿತ್ತು. ಅಕ್ಕೋರು ಅದನ್ನು ಮೆಟ್ಟಿಲ ಕೆಳಗಿನ ಕೋಣೆಗೇ ತಂದರು. ಬಣ್ಣ ಅಳೆಯಲು ಚಪ್ಪಲಿ ಡಬ್ಬಿಯಷ್ಟು ದೊಡ್ಡದೊಂದು ಪೆಟ್ಟಿಗೆ. ಒಳಗೆ ಬಲ್ಬು, ಹಸಿರು ಗಾಜು, ಮೇಲೆ ಮುಳ್ಳು. ಶಿರಸಿಯ ಕರೆಂಟಿಗೆ ಆ ಮುಳ್ಳು ಜ್ವರ ಬಂದವರ ಹಾಗೆ ನಡುಗುತ್ತಿತ್ತು. ಅಕ್ಕೋರು ಯಾರದ್ದೋ ಹಳೇ ಜೀಪಿನ ಬ್ಯಾಟರಿ ತಂದು ಅದಕ್ಕೆ ಜೋಡಿಸಿ ನಡುಕ ನಿಲ್ಲಿಸಿದರು. ಬ್ಯಾಟರಿಯೂ ಕೈಕೊಟ್ಟ ದಿನ ಕಿಟಕಿಯೇ ಗತಿ. ತೆಳುವಿನಿಂದ ಗಾಢದವರೆಗೆ ತಾವೇ ಮಾಡಿಟ್ಟ ಎಂಟು ನಳಿಗೆ ಸಾಲಾಗಿ ನಿಲ್ಲಿಸಿ, ಹಿಂದೆ ಬಿಳಿ ಕಾಗದ ಹಿಡಿದು, ರೋಗಿಯ ನಳಿಗೆಯನ್ನು ಅವುಗಳ ನಡುವೆ ತೂರಿಸಿ, "ಇವನ ಮನೆ ಇಲ್ಲಿ" ಅನ್ನುತ್ತಿದ್ದರು. ಮುಳ್ಳಿಗೂ ಅವರ ಕಣ್ಣಿಗೂ ಕೂದಲೆಳೆಯ ವ್ಯತ್ಯಾಸ ಬರುತ್ತಿತ್ತು ಅಷ್ಟೇ.

ದಿನಾ ಬೆಳಿಗ್ಗೆ ಮೊದಲು ನೋಡುವುದು ಯಾವ ರೋಗಿಯದ್ದೂ ಅಲ್ಲ. ತಂಪಿನಲ್ಲಿಟ್ಟ, ಅಳತೆ ಗೊತ್ತಿರುವ ಒಂದು ಸೀರಂ. ಅದಕ್ಕೆ ಅವರು ಇಟ್ಟ ಹೆಸರು 'ಸಾಕ್ಷಿ'. ಸಾಕ್ಷಿ ನಿನ್ನೆ ಹೇಳಿದ್ದನ್ನೇ ಇವತ್ತೂ ಹೇಳಿದರೆ ಮಾತ್ರ ಅಂಗಡಿ ಬಾಗಿಲು ತೆಗೆಯುವುದು. "ಮೊದಲು ಸಾಕ್ಷಿ, ಆಮೇಲೆ ದೂರು" ಎನ್ನುವುದು ಅವರ ಮಾತು.

ಇನ್ನೊಂದು ಹಟ ಇತ್ತು. ಪ್ರತಿ ರೋಗಿಗೂ ಎರಡು ನಳಿಗೆ. ಒಂದರಲ್ಲಿ ತಾಮ್ರ, ಇನ್ನೊಂದರಲ್ಲಿ ತಾಮ್ರ ಬಿಟ್ಟು ಉಳಿದದ್ದೆಲ್ಲ. ಎರಡನೆಯದರ ಅಳತೆಯನ್ನು ಮೊದಲನೆಯದರಿಂದ ಕಳೆಯುವುದು. ಆ ಎರಡನೆಯದಕ್ಕೆ 'ಜೋಡಿ ನಳಿಗೆ' ಎನ್ನುತ್ತಿದ್ದರು. ಕೆಲಸ ಇಮ್ಮಡಿ, ತೊಳೆಯುವ ಗಾಜು ಇಮ್ಮಡಿ, ಹೊತ್ತೂ ಇಮ್ಮಡಿ. ಇದೆಂಥ ದಂಡ ಕೆಲಸ ಅಂತ ನಾನು ಕೇಳಿದ್ದುಂಟು.

"ಕೆಲವರ ಸೀರಮ್ಮು ಮೊದಲೇ ಮಬ್ಬಾಗಿರ್ತದೆ ಡಾಕ್ಟ್ರೇ. ಕೊಬ್ಬು ತೇಲ್ತಿರ್ತದೆ. ಪೆಟ್ಟಿಗೆಗೆ ಕಣ್ಣಿಲ್ಲ, ಮಬ್ಬನ್ನೂ ಬಣ್ಣ ಅಂತಲೇ ಓದ್ತದೆ. ಯಾವುದು ಬಣ್ಣ, ಯಾವುದು ಬರೀ ಮಬ್ಬು ಅಂತ ಹೇಳೂದಕ್ಕೆ ಜೋಡಿ ಬೇಕು."

ಆ ಮಬ್ಬು ಎಲ್ಲಿಂದ ಬರುತ್ತದೆ ಅನ್ನುವುದು ಈ ಊರಿನಲ್ಲಿ ಎಲ್ಲರಿಗೂ ಗೊತ್ತಿರಬೇಕಾದ ಸಂಗತಿ. ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂತ ಸಾರಿ ಹೇಳಿದರೂ ಹುಲಗೋಳದಿಂದ ಬಂದ ಒಬ್ಬ ಹೆಗಡೇರು, "ಎಂತದೂ ತಿಂದಿದ್ನಿಲ್ಲೆ ಅಕ್ಕೋರೇ, ಬರೀ ನಾಕು ತೆಳ್ಳೇವು" ಅಂದಿದ್ದರು. ತೆಳ್ಳೇವು ಅಂದರೆ ಕಾಗದದಷ್ಟು ತೆಳುವಾದ ದೋಸೆ. ಅದು ತುಪ್ಪ ಬೆಲ್ಲದ ಜೊತೆ ಒಳಗೆ ಹೋಗುತ್ತದೆ, ಮತ್ತು ಈ ಕಡೆಯ ಲೆಕ್ಕದಲ್ಲಿ ಅನ್ನ ಉಂಡರಷ್ಟೇ ತಿಂದ ಹಾಗೆ. ಅಕ್ಕೋರು ಅವರ ಮುಖ ನೋಡಿ, "ಆ ನಾಕು ಹೊಟ್ಟೆಗೆ ಹೋಯ್ತಾ, ಕಿಸೆಗೆ ಹೋಯ್ತಾ ಹೆಗಡೇರೇ?" ಎಂದು ಕೇಳಿದ್ದಕ್ಕೆ ಬೆಂಚಿನ ಮೇಲಿದ್ದವರೆಲ್ಲ ನಕ್ಕಿದ್ದರು. ನಗಿಸಿದರೂ ಅವರು ಹೆಗಡೇರನ್ನು ಬಿಡಲಿಲ್ಲ. ಮರುದಿನ ಬರಹೇಳಿದರು.

ಬಿಳಗಿಯಲ್ಲಿ ಒಮ್ಮೆ ಶಿಬಿರ ಇಟ್ಟಾಗ ಇನ್ನೂ ಚಂದ ಆಯಿತು. ನಾವು ಎಣಿಸಿದ್ದಕ್ಕಿಂತ ಇಮ್ಮಡಿ ಜನ ಬಂದು ಮಧ್ಯಾಹ್ನದ ಹೊತ್ತಿಗೆ ನೀಲಿ ದ್ರಾವಣ ತಳ ಕಂಡಿತು. ಶಿಬಿರಕ್ಕೆ ಜಾಗ ಕೊಟ್ಟ ಯಜಮಾನರು ಎಲ್ಲೋ ಮಾಯವಾದವರು, ಅಡಿಕೆಯ ಕೊಳೆರೋಗಕ್ಕೆ ಹೊಡೆಯಲು ಕಲಸಿಟ್ಟ ಮೈಲುತುತ್ತವನ್ನೇ ಒಂದು ಬಿಂದಿಗೆ ತುಂಬ ಹೊರಿಸಿಕೊಂಡು ಬಂದುಬಿಟ್ಟರು. "ಇದೂ ಅದೇ ಅಲ್ದ? ಬೇಕಾದಷ್ಟು ತಗಳಿ, ಸಂಕೋಚ ಮಾಡಡಿ." ಪಾಪ, ಒಳ್ಳೇ ಮನಸ್ಸಿನಿಂದ ತಂದದ್ದು. ಅಕ್ಕೋರು ಕೈಮುಗಿದು, "ರಕ್ತಕ್ಕೆ ಕೊಳೆರೋಗ ಬಂದ ದಿನ ಖಂಡಿತ ಕೇಳಿ ಪಡೀತೇನೆ" ಅಂದರು. ಆ ಯಜಮಾನರು ಸಾಯುವ ತನಕ ಈ ಮಾತನ್ನು ತಾವೇ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದರಂತೆ.

ಇನ್ನು ಚೀಟಿಯ ಸಂಗತಿಗೆ ಬರುತ್ತೇನೆ. ತಪ್ಪಿಸಿಕೊಳ್ಳಲು ನೋಡುತ್ತಿದ್ದೇನೆ ಅಂತ ನನಗೇ ಗೊತ್ತಾಗುತ್ತಿದೆ.

ತೊಂಬತ್ತರ ದಶಕದ ನಡುವಿನ ಒಂದು ಸಂತೆ ದಿನ. ಯಲ್ಲಾಪುರ ತಾಲೂಕಿನ ನಂದೊಳ್ಳಿಯಿಂದ ಒಬ್ಬ ಬಾಣಂತಿಯನ್ನು ಕರೆತಂದಿದ್ದರು. ಹೆರಿಗೆಯಾಗಿ ಎರಡು ತಿಂಗಳು ದಾಟಿತ್ತು. ಕಾಲು, ಮುಖ ಬಾತಿತ್ತು. ಮೂತ್ರ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಗಂಡ ಜೊತೆಗಿದ್ದ. ಅವಳ ತಾಯಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಪ್ರಯೋಗಾಲಯದ ಹೊರಗಿನ ಬೆಂಚಿನಲ್ಲಿ ಕೂತಿದ್ದರು. ತವರಿನಲ್ಲೇ ಬಾಣಂತನ. ನನಗೆ ಎರಡು ಅನುಮಾನ ಇತ್ತು. ರಕ್ತದಲ್ಲಿ ಪ್ರೋಟೀನು ಇಳಿದು ನೀರು ತುಂಬಿರಬೇಕು, ಇಲ್ಲವೇ ಹೆರಿಗೆಯ ನಂತರ ಹೃದಯ ಸೋತಿರಬೇಕು. ಎರಡಕ್ಕೂ ಔಷಧಿ ಒಂದಕ್ಕೊಂದು ತದ್ವಿರುದ್ಧ. ಅಕ್ಕೋರ ನಂಬರಿನ ಮೇಲೆ ಎಲ್ಲಾ ನಿಂತಿತ್ತು.

ಒಂದೂವರೆಗೆ ಯಲ್ಲಾಪುರದ ಬಸ್ಸು. ಗಂಡ ಮೂರು ಸಲ ಗಡಿಯಾರ ನೋಡಿದ. ನನಗೂ ಹೊಟ್ಟೆ ಹಸಿದಿತ್ತು. ಇದನ್ನೂ ಬರೆದೇ ಬಿಡುತ್ತೇನೆ, ಹಸಿವು ಮುಖ್ಯ ಕಾರಣ. ದಡದಡ ಕೆಳಗಿಳಿದು ಹೋದೆ.

"ಯಾಕ್ರೀ ಇಷ್ಟ ತಡಾ?"

"ಸೀರಮ್ಮು ಮಬ್ಬಾಗಿದೆ ಡಾಕ್ಟ್ರೇ. ಉಂಡು ಬಂದಿದ್ದಾಳೆ. ಜೋಡಿ ಇಡ್ತಾ ಇದ್ದೇನೆ, ಅರ್ಧ ಗಂಟೆ."

"ಜೋಡಿ ಗೀಡಿ ಬ್ಯಾಡ್ರಿ. ಒಂದ ನಳಿಗಿ ನೋಡಿ ನಂಬರ್ ಬರದ ಕೊಡ್ರಿ. ಬಸ್ ಹೊಕ್ಕೈತಿ."

"ಹಾಗೆ ಬರೆದು ಕೊಡೂಕೆ ಆಗೂದಿಲ್ಲ."

ನಾನು ಮೇಜು ಗುದ್ದಿದೆ. ಗಾಜು ಝಣ ಅಂದಿತು. "ಇಲ್ಲೆ ಡಾಕ್ಟರ್ ಯಾರು? ನೀವೋ, ನಾನೋ?"

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಒಂದೇ ನಳಿಗೆಯನ್ನು ಪೆಟ್ಟಿಗೆಗೆ ಇಟ್ಟು, ಮುಳ್ಳು ನೋಡಿ, ೬.೯ ಎಂದು ಬರೆದು ಸಹಿ ಹಾಕಿ ಕೊಟ್ಟರು. ಪ್ರೋಟೀನು ಸರಿಯಾಗೇ ಇದೆ ಎಂದಾಯಿತು. ಹಾಗಾದರೆ ಹೃದಯವೇ ಅಂತ ನಾನು ತೀರ್ಮಾನ ಮಾಡಿ ನೀರು ಇಳಿಸುವ ಗುಳಿಗೆ ಬರೆದೆ. ಪಥ್ಯ ಮುಂದುವರಿಸಬಹುದೇ ಎಂದು ತಾಯಿ ಕೇಳಿದರು. "ಬಿಗಿಯಾಗಿ ಮಾಡ್ರಿ" ಅಂದೆ. ಆ ಪಥ್ಯ ಏನೆಂದು ಕೇಳುವ ವ್ಯವಧಾನ ಇರಲಿಲ್ಲ. ಎಂಟು ದಿನ ಬಿಟ್ಟು ಬರ್ರಿ ಎಂದು ಕಳಿಸಿ ಊಟಕ್ಕೆ ಹೋದೆ.

ಅಕ್ಕೋರಿಗೆ ಅವತ್ತು ಸಂಜೆಯವರೆಗೆ ಸಂತೆಯ ಜನ ತಲೆ ಎತ್ತಲು ಬಿಡಲಿಲ್ಲ. ಮರುದಿನ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಅವರು ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಆ ಬಾಣಂತಿಯ ಉಳಿದ ಸೀರಮ್ಮಿನ ನಳಿಗೆ. ರಾತ್ರಿಯೆಲ್ಲ ತಂಪಿನಲ್ಲಿದ್ದದ್ದರ ಮೇಲೆ ಬೆರಳು ದಪ್ಪ ಕೆನೆ ಕಟ್ಟಿತ್ತು.

"ತುಪ್ಪ" ಅಂದರು ಅಕ್ಕೋರು. "ನಿನ್ನೆ ಪೆಟ್ಟಿಗೆ ಓದಿದ್ದು ಇದನ್ನ. ಜೋಡಿ ಇಟ್ಟು ನೋಡಿದೆ. ನಾಲ್ಕು ಪಾಯಿಂಟ್ ಒಂದು."

ಪ್ರೋಟೀನು ಅಷ್ಟು ಇಳಿದವಳಿಗೆ ನೀರು ಇಳಿಸುವ ಗುಳಿಗೆ ಕೊಟ್ಟರೆ ರಕ್ತನಾಳದಲ್ಲಿ ಇದ್ದಷ್ಟು ನೀರೂ ಬತ್ತುತ್ತದೆ. ಆದರೂ ನನ್ನ ಬಾಯಲ್ಲಿ ಬಂದದ್ದೇನು ಗೊತ್ತೇ? "ಎಂಟ ದಿನಕ್ಕ ಬರ್ತಾರಲ್ರಿ, ಆವಾಗ ನೋಡೋಣು."

"ಎಂಟು ದಿನವಾ! ದಿನಾ ಎರಡು ಗುಳಿಗೆ ನುಂಗ್ತಾ ಇದ್ದಾಳೆ ಡಾಕ್ಟ್ರೇ ಅವಳು."

ನಂದೊಳ್ಳಿಗೆ ಫೋನು ಹತ್ತಲಿಲ್ಲ. ಅಕ್ಕೋರು ಬಸ್‌ಸ್ಟ್ಯಾಂಡಿಗೆ ಹೋಗಿ ಯಲ್ಲಾಪುರದ ಬಸ್ಸಿನ ಕಂಡಕ್ಟರರ ಕೈಗೆ ಒಂದು ಕಾಗದ ಕೊಟ್ಟರು. ಆಗ ಈ ಮೂರೂ ತಾಲೂಕಿನಲ್ಲಿ ಬಸ್ಸಿನವರಷ್ಟು ನಂಬಿಕೆಯ ಅಂಚೆ ಬೇರೆ ಇರಲಿಲ್ಲ. 'ಗುಳಿಗೆ ನಿಲ್ಲಿಸಿ. ನಾಳೆ ಮೊದಲ ಬಸ್ಸಿಗೆ ಬರ್ತೇನೆ. ನಾಳೆ ಬೆಳಗಾದ ಮೇಲೆ ನಾನು ಬರುವ ತನಕ ಬಾಣಂತಿಗೆ ನೀರು ಬಿಟ್ಟು ಏನೂ ಕೊಡಬೇಡಿ' ಎಂದು ಬರೆದಿತ್ತು. ಮರುದಿನ ಬೆಳಿಗ್ಗೆ ಅವರು ಬಸ್ಸು ಹತ್ತಿದಾಗ ನಾನೂ ಹತ್ತಿದೆ. "ನೀವು ಬರಬೇಕಂತಿಲ್ಲ" ಅಂದರು. ಮನೆಯಲ್ಲಿ ಕೂರಲು ಆಗಲಿಲ್ಲ, ಅದಕ್ಕೇ ಬಂದೆ ಅಂತ ಹೇಳಿದೆ. ಅವರ ತೊಡೆಯ ಮೇಲೆ ಮರದ ಪೆಟ್ಟಿಗೆ: ನಳಿಗೆಗಳು, ನೀಲಿ ದ್ರಾವಣದ ಬಾಟಲಿ, ಬಿಳಿ ಕಾಗದ. ದಾರಿಯುದ್ದಕ್ಕೂ ಅದನ್ನು ಎರಡೂ ಕೈಯಿಂದ ತಬ್ಬಿಕೊಂಡಿದ್ದರು.

ಮನೆ ಮುಟ್ಟಿದಾಗ ಬಾಣಂತಿ ಗೋಡೆಗೆ ಒರಗಿ ಕೂತಿದ್ದಳು. ಹಿಂದಿನ ದಿನ ಬೆಳಿಗ್ಗೆ ಬಿಸಿನೀರು ಹೊಯ್ದುಕೊಂಡು ಬಚ್ಚಲಿನಿಂದ ಏಳುವಾಗ ಕಣ್ಣು ಕತ್ತಲೆ ಬಂದು ಬಿದ್ದಿದ್ದಳಂತೆ. ಹಣೆಯಲ್ಲಿ ಗಾಯ. ಅಕ್ಕೋರ ಕಾಗದ ಅವತ್ತು ಮಧ್ಯಾಹ್ನ ತಲುಪಿತ್ತು. ಗಂಡ ನಮ್ಮನ್ನು ಕಂಡವನೇ ಎದ್ದು ನಿಂತ.

"ಮೊನ್ನೆ ಎಲ್ಲಾ ಸರಿ ಇದ್ದು ಹೇಳಿದ್ರಿ. ಇವತ್ತು ಗುಳಿಗೆ ಬೇಡ ಹೇಳ್ತ್ರಿ. ತಪ್ಪು ಯಾರದ್ದು?"

ನಾನು ಬಾಯಿ ತೆರೆದೆ. ದೇವರಾಣೆ ತೆರೆದೆ. ಆದರೆ ಅಕ್ಕೋರು ಮೊದಲೇ, "ನಂದು" ಅಂದುಬಿಟ್ಟರು. "ನಾನು ಬರೆದ ನಂಬರು ತಪ್ಪಾಗಿತ್ತು. ಡಾಕ್ಟ್ರು ಅದನ್ನ ನೋಡಿ ಗುಳಿಗೆ ಕೊಟ್ರು. ಈಗ ಸರಿ ಮಾಡೂಕೆ ಬಂದಿದ್ದೇವೆ."

ನಾನು ತೆರೆದ ಬಾಯಿ ಮುಚ್ಚಿದೆ. ತಲೆ ತಗ್ಗಿಸಿ ಜಗುಲಿಯ ನೆಲ ನೋಡಿದೆ. ಆ ನೆಲದ ಬಿರುಕು ಕೂಡ ನನಗೆ ಇವತ್ತೂ ನೆನಪಿದೆ.

ಅಕ್ಕೋರು ತಾಯಿಯ ಹತ್ತಿರ ಕೂತು ಪಥ್ಯ ವಿಚಾರಿಸಿದರು. ತಾಯಿ ಹೆಮ್ಮೆಯಿಂದಲೇ ಹೇಳಿದರು: "ಎಂತ ಕಮ್ಮಿ ಮಾಡಿದ್ನಿಲ್ಲೆ ತಂಗಿ. ಅನ್ನ, ಮೆಣಸಿನ ಸಾರು, ಕೈ ತುಂಬ ತುಪ್ಪ. ಬೇಳೆ ಕಾಳು ಮಾತ್ರ ಕೊಟ್ಟಿದ್ದಿಲ್ಲೆ, ಶಿಶುಗೆ ವಾಯು ಆಗ್ತು. ಹಾಲು ಮೊಸರು ಥಂಡಿ. ಬಸುರಿ ಇದ್ದಾಗ್ಲೂ ಕೂಸಿಗೆ ಎಂತದೂ ಸೇರಿದ್ದಿಲ್ಲೆ." ಈ ಕಡೆ ಮಗಳನ್ನೂ ಕೂಸು ಅನ್ನುತ್ತಾರೆ. ಆ ಮಗಳ ಬಿಳುಚಿದ ಕಣ್ಣಿನ ರೆಪ್ಪೆ ಎಳೆದು ನೋಡಿದೆ. ಹೊಟ್ಟೆಯಲ್ಲಿ ಹುಳವೂ ಇದ್ದೀತು ಅನ್ನಿಸಿತು. ಎರಡು ತಿಂಗಳು ಬರೀ ಅನ್ನ ತುಪ್ಪ. ತುಪ್ಪವೇ ಅವಳ ರಕ್ತದ ಬಡತನವನ್ನು ಪೆಟ್ಟಿಗೆಯ ಕಣ್ಣಿನಿಂದ ಮುಚ್ಚಿಟ್ಟಿತ್ತು.

"ಬೇಳೆ ಕೊಡಬೇಕು" ಅಂದೆ. ತಾಯಿ ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ. "ಆನು ನಾಕು ಹೆತ್ತಿದ್ದಿ, ಎಂಗೆ ಗೊತ್ತಿದ್ದು." ನಾಲ್ಕು ಹೆತ್ತವಳಿಗೆ ತಿಳಿಯದ್ದು ನಿನಗೇನು ಗೊತ್ತು ಅನ್ನುವ ಧಾಟಿ. ಮೊನ್ನೆ ಪಥ್ಯ ಬಿಗಿ ಮಾಡಿ ಅಂದವನೂ ನಾನೇ ಅಲ್ಲವೇ, ನನ್ನ ಮಾತಿಗೆ ಏನು ಬೆಲೆ?

ಅಕ್ಕೋರು ವಾದ ಮಾಡಲಿಲ್ಲ. ಮರದ ಪೆಟ್ಟಿಗೆ ಬಿಚ್ಚಿದರು. ಬಾಣಂತಿಯ ರಕ್ತ ತೆಗೆದರು. ಆಮೇಲೆ ತಾಯಿಯ ಕಡೆ ತಿರುಗಿ, "ಅಮ್ಮ, ನಿಮ್ಮ ಕೈಯನ್ನೂ ಕೊಡಿ" ಅಂದರು.

"ಎಂಗೆ ಎಂತಕ್ಕೆ? ಆನು ಗಟ್ಟಿ ಇದ್ದಿ."

"ಗಟ್ಟಿ ಇದ್ದವರದ್ದೇ ಬೇಕು."

ಎರಡೂ ನಳಿಗೆಯ ರಕ್ತ ಹೆಪ್ಪುಗಟ್ಟಲು ಕಾದೆವು. ಒಂದು ಗಂಟೆ. ತಾಯಿ ಬೆಲ್ಲ ನೀರು ತಂದಿಟ್ಟರು. ಅಕ್ಕೋರು, "ಬಣ್ಣ ಬಂದ ಮೇಲೆ" ಎಂದು ಪಕ್ಕಕ್ಕೆ ಸರಿಸಿದರು. ನನಗೆ ಗಂಟಲು ಒಣಗಿತ್ತು, ಆದರೂ ಮುಟ್ಟಲಿಲ್ಲ. ತಿಳಿ ಮೇಲೆ ನಿಂತಿತು. ಖಾಲಿ ಹೊಟ್ಟೆಯ ಸೀರಂ ಈ ಸಲ ಸ್ವಚ್ಛವಾಗಿತ್ತು. ಆದರೂ ಅಕ್ಕೋರು ಇಬ್ಬರಿಗೂ ಜೋಡಿ ಇಟ್ಟರು. ಮತ್ತೆ ಅರ್ಧ ಗಂಟೆ. ಮನೆಯವರೆಲ್ಲ ಸುತ್ತ ಕೂತು ನೋಡುತ್ತಿದ್ದರು. ಮಗು ಎದ್ದು ಅತ್ತಿತು, ಮತ್ತೆ ಮಲಗಿತು.

ಕಡೆಗೆ ಅಕ್ಕೋರು ಬಿಳಿ ಕಾಗದದ ಮುಂದೆ ಎರಡು ನಳಿಗೆ ಹಿಡಿದರು. ಒಂದು ಕಡುನೇರಳೆ. ಇನ್ನೊಂದರಲ್ಲಿ ನೀಲಿಗೆ ನೇರಳೆ ಸೋಕಿದ್ದು ಹೌದೋ ಅಲ್ಲವೋ ಅನ್ನುವಷ್ಟು.

"ಇದು ನಿಮ್ಮ ರಕ್ತ ಅಮ್ಮ. ಇದು ನಿಮ್ಮ ಮಗಳದ್ದು. ಹಾಲು ಕುಡಿಸೋದು ಅವಳು."

ತಾಯಿ ಎರಡನ್ನೂ ಕೈಗೆ ತಗೊಂಡು ಬಾಗಿಲ ಬೆಳಕಿಗೆ ಹೋಗಿ ನೋಡಿದರು. ಬಹಳ ಹೊತ್ತು ನೋಡಿದರು. "ಅಯ್ಯೋ ಕೂಸೇ" ಅಂದವರೇ ನಳಿಗೆಗಳನ್ನು ಅಕ್ಕೋರ ಕೈಗೆ ಕೊಟ್ಟು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಹೆಸರುಬೇಳೆ ಬೇಯುವ ವಾಸನೆ ಬಂತು. ಅಕ್ಕೋರು ಆಗ ಬೆಲ್ಲ ತಿಂದು ನೀರು ಕುಡಿದರು. ನಾನು ಹೊಸ ಔಷಧಿ ಬರೆದೆ: ಹುಳದ ಗುಳಿಗೆ, ಕಬ್ಬಿಣದ ಗುಳಿಗೆ. ಚೀಟಿಯನ್ನು ಗಂಡ ನನ್ನ ಕೈಯಿಂದ ತಗೊಳ್ಳದೆ ಅಕ್ಕೋರ ಮುಖ ನೋಡಿದ. ಅಕ್ಕೋರು, "ತಗಳ್ಳಿ, ಡಾಕ್ಟ್ರು ಸರಿಯಾಗೇ ಬರೆದಿದ್ದಾರೆ" ಅಂದ ಮೇಲೆ ಕೈ ಚಾಚಿದ.

ತಿಂಗಳೊಪ್ಪತ್ತಿನಲ್ಲಿ ಬಾವು ಇಳಿಯಿತು. ಅವಳು ಬದುಕಿದಳು. ಮಗುವೂ ಚೆನ್ನಾಗಿ ಬೆಳೆಯಿತು.

ಹಿಂದಿರುಗುವಾಗ ಬಸ್ಸಿನಲ್ಲಿ ಕೇಳಿದೆ: "ಯಾಕ ಹಂಗಂದ್ರಿ? ತಪ್ಪು ನಂದು."

ಅಕ್ಕೋರು ಕಿಟಕಿಯ ಹೊರಗೇ ನೋಡುತ್ತ ಹೇಳಿದರು: "ನನ್ನ ಮೇಲೆ ನಂಬಿಕೆ ಹೋದರೆ ಜನ ಇನ್ನೊಂದು ಸಲ ರಕ್ತ ಕೊಡ್ತಾರೆ, ಅಷ್ಟೇ. ನಿಮ್ಮ ಮೇಲೆ ಹೋದರೆ ಔಷಧಿ ತಗಳೂದಿಲ್ಲ. ಅವಳಿಗೆ ಈಗ ಔಷಧಿ ಬೇಕಿತ್ತು." ಆಮೇಲೆ ನನ್ನ ಕಡೆ ತಿರುಗಿ, "ಮೇಜು ಗುದ್ದಿದ್ದು ನೀವು. ಆದರೆ ಬರೆದ ಕೈ ನಂದು. ಇನ್ನು ಮುಂದೆ ನೀವು ಗೋಡೆ ಗುದ್ದಿದರೂ ಜೋಡಿ ಇಲ್ಲದೆ ಬರೆಯೂದಿ‌ಲ್ಲ" ಅಂದರು.

ಹಾಗೇ ಮಾಡಿದರು. ನನ್ನ ಕೋಣೆಯಲ್ಲೇ ಉಳಿದಿದ್ದ ಆ ವರದಿಯ ಚೀಟಿಯನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಅಳತೆ ಪೆಟ್ಟಿಗೆಯ ಮೇಲಿನ ಗೋಡೆಗೆ ಅಂಟಿಸಿದರು. ನಾನು ಎಷ್ಟು ಕಿರುಚಿದರೂ ಅದರ ಕಡೆ ಬೆರಳು ತೋರಿಸುತ್ತಿದ್ದರು. ನಾನು ಸುಮ್ಮನೆ ಮೆಟ್ಟಿಲು ಹತ್ತುತ್ತಿದ್ದೆ. ಕೆಲಸ ಕಲಿಯಲು ಸಿದ್ದಾಪುರ, ಯಲ್ಲಾಪುರದಿಂದ ಬಂದವರಿಗೆಲ್ಲ ಮೊದಲ ಪಾಠ ಆ ಚೀಟಿ. ಯಾರ ಅವಸರ ಅದು ಅಂತ ಮಾತ್ರ ಒಬ್ಬರಿಗೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಒಂದು ವರ್ಷ ಸುಮ್ಮನಿದ್ದ ಮೇಲೆ ಎರಡನೇ ವರ್ಷ ಸುಮ್ಮನಿರುವುದು ಸಲೀಸು. ಆಮೇಲೆ ಅದೇ ರೂಢಿಯಾಗುತ್ತದೆ.

ಎರಡು ಸಾವಿರದ ಇಸವಿ ಕಳೆದ ಮೇಲೆ ದೊಡ್ಡ ಯಂತ್ರ ಬಂತು. ಅದನ್ನು ಕೂರಿಸಲು ಬಂದವನನ್ನು ಅಕ್ಕೋರು ಕೇಳಿದ ಮೊದಲ ಪ್ರಶ್ನೆ, "ಇದರಲ್ಲಿ ಜೋಡಿ ಎಲ್ಲಿ?" ಯಂತ್ರ ತಾನೇ ಒಳಗೆ ನೋಡಿಕೊಳ್ಳುತ್ತದೆ ಎಂದು ಅವನು. "ಅದು ಹೇಳೂದು ಬೇಡ, ತೋರಿಸ್ಲಿ" ಎಂದು ಇವರು. ಒಂದು ತಿಂಗಳು ಯಂತ್ರದ ಉತ್ತರವನ್ನು ತಮ್ಮ ನಳಿಗೆಯ ಉತ್ತರದ ಜೊತೆ ಇಟ್ಟು ನೋಡಿದರು. ತುಪ್ಪ ತಿಂದು ಬಂದವರನ್ನು ಬೇಕೆಂದೇ ಹುಡುಕಿ ಹಿಡಿದರು. ಕಡೆಗೆ, "ಪರವಾಗಿಲ್ಲ, ಪಾಸಾಯ್ತು" ಅಂದರು. ಯಂತ್ರದ ಮೇಲೆ ಅವರಿಗೆ ಮುನಿಸೇನೂ ಇರಲಿಲ್ಲ. ಕರೆಂಟು ಹೋದ ದಿನ ಮಾತ್ರ ಕಿಟಕಿಯ ಎದುರು ಎಂಟು ನಳಿಗೆ ಸಾಲು ನಿಲ್ಲುತ್ತಿತ್ತು. ಆ ದಿನ ಅವರ ಮುಖದಲ್ಲಿ ಒಂಥರಾ ಖುಷಿ ಇರುತ್ತಿತ್ತು. ನಿವೃತ್ತಿಯ ದಿನ ಹಾರ ಹಾಕಲು ಹೋದರೆ, "ಮೊದಲು ಸಾಕ್ಷಿ ನೋಡಿ ಬರ್ತೇನೆ" ಎಂದು ಕೆಳಗಿಳಿದು ಹೋದವರು ಅರ್ಧ ಗಂಟೆ ಎಲ್ಲರನ್ನೂ ಕಾಯಿಸಿದ್ದರು.

ಸಭೆಯ ಮರುವಾರ ಕಾರ್ಯದರ್ಶಿಗಳ ಹತ್ತಿರ ಆ ಗಾಜು ಕಟ್ಟಿಸಿದ ಚೀಟಿ ಕೇಳಿ ಪಡೆದೆ. ಯಾಕೆಂದು ಹೇಳಲಿಲ್ಲ. ನೇರ ನಂದೊಳ್ಳಿಗೆ ಹೋದೆ. ಆ ತಾಯಿ ತೀರಿಕೊಂಡು ವರ್ಷಗಳಾಗಿವೆ. ಅಂದಿನ ಬಾಣಂತಿಯೇ ಈಗ ತವರಿನ ಆಸ್ತಿಗೆ ಬಂದು ಅಲ್ಲೇ ಸಂಸಾರ ಮಾಡಿಕೊಂಡಿದ್ದಾರೆ. ನನ್ನನ್ನು ಕೂಡಲೇ ಗುರುತು ಹಿಡಿದರು. ಹಣೆಯಲ್ಲಿ ಆ ಗಾಯದ ಕಲೆ ಹಾಗೇ ಇತ್ತು. ಅದೇ ಜಗುಲಿಯಲ್ಲಿ ಕೂತೆ. ಅಕ್ಕೋರು ಹೋದದ್ದು ಅವರಿಗೆ ಗೊತ್ತಾಗಿತ್ತು. ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಚೀಟಿ ತೆಗೆದು ಅವರ ಮುಂದಿಟ್ಟೆ. ದಾರಿಯುದ್ದಕ್ಕೂ ಉರುಹಚ್ಚಿಕೊಂಡು ಬಂದದ್ದನ್ನು ಒಂದೇ ಉಸಿರಿಗೆ ಹೇಳಿದೆ: "ಅವತ್ತಿನ ತಪ್ಪು ಅಕ್ಕೋರದ್ದಲ್ಲರಿ. ಅವರು ಬ್ಯಾಡ ಅಂದ್ರು. ನಾನ ಅವಸರ ಮಾಡಿ ಬರಿಸಿದೆ."

ಅವರು ಚೀಟಿ ನೋಡಿದರು, ನನ್ನನ್ನು ನೋಡಿದರು. "ಗೊತ್ತಿದ್ದು" ಅಂದರು.

"ಯಾರು ಹೇಳಿದ್ರು?"

"ಯಾರು ಹೇಳವು? ಆನು ಹೊರಗೆ ಬೆಂಚಿನ ಮೇಲೆ ಆಯಿ ಹತ್ರ ಕೂತಿದ್ನಲಿ. ನೀವು ಮೇಜು ಗುದ್ದಿದ್ದು, ಕೂಗಿದ್ದು ಎಲ್ಲಾ ಕೇಳಿತ್ತು. ಆಯಿಗೂ ಕೇಳಿತ್ತು. ನಮ್ಮನೆಯವ್ರು ಬೇಕು ಹೇಳೇ ಅವತ್ತು ಕೇಳಿದ್ದು, ನೀವು ಒಪ್ಕತ್ರ ಇಲ್ಲೆಯ ಹೇಳಿ."

ಇಷ್ಟು ವರ್ಷ ನಾನು ಮುಚ್ಚಿಟ್ಟುಕೊಂಡದ್ದು ಈ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಕೇಳಿದೆ: "ಎಲ್ಲಾ ಗೊತ್ತಿದ್ದೂ ನನ್ನ ಔಷಧಿ ಯಾಕ ತಗೊಂಡ್ರಿ ಮತ್ತ?"

"ನಿಮ್ಮ ಔಷಧವಾ?" ಅವರು ನಕ್ಕರು. ವ್ಯಂಗ್ಯ ಇರಲಿಲ್ಲ ಅದರಲ್ಲಿ. "ಆನು ತಗಂಡದ್ದು ಅಕ್ಕೋರು ತಗಳಿ ಹೇಳಿದ ಔಷಧ."

ಒಳಗೆ ಹೋಗಿ ಬೆಲ್ಲ ನೀರು ತಂದರು. ನಾನು ಪೆನ್ನು ಇದ್ದರೆ ಕೊಡಿ ಅಂದೆ. ಗಾಜಿನ ಹಿಂದಿನ ಮೊಳೆ ಸಡಿಲಿಸಿ, ಹಳದಿಯಾದ ಆ ಚೀಟಿಯನ್ನು ಹೊರಗೆ ತೆಗೆದು, ಅಕ್ಕೋರ ಸಹಿಯ ಕೆಳಗೆ 'ಜೋಡಿ ಬೇಡವೆಂದು ಬರೆಸಿದವನು' ಎಂದು ಬರೆದು ನನ್ನ ಸಹಿ ಹಾಕಿದೆ. ಆಮೇಲೆ ನೀರು ಕುಡಿದೆ.